ಅಮೂರ್ ಚಾಣಕ್ಕೆ ಅಭಯ ನೀಡಿದ ಊರು

ಗಾತ್ರದಲ್ಲಿ ಪಾರಿವಾಳಕ್ಕಿಂತ ಚಿಕ್ಕದು, ತೂಕ 200 ಗ್ರಾಂ ದಾಟುವುದಿಲ್ಲ. ಆದರೂ ಅಮೂರ್ ಚಾಣ ಎಂಬ ಈ ಪುಟ್ಟ ಬೇಟೆಹಕ್ಕಿ ಪ್ರತಿವರ್ಷ ಆಗ್ನೇಯ ಸೈಬೀರಿಯ, ಉತ್ತರ ಚೀನಾಗಳಿಂದ ಹೊರಟು, ಭಾರತವನ್ನು ಹಾದು, ಅರಬ್ಬೀ ಸಮುದ್ರ ದಾಟಿ ಆಫ್ರಿಕಾದ ದಕ್ಷಿಣ ಭಾಗವನ್ನು ಸೇರುತ್ತದೆ.

ಗಂಡು ಕಡುಬೂದು ಬಣ್ಣದ್ದು. ತೊಡೆ, ಬಾಲದ ಬುಡ ಇಟ್ಟಿಗೆಗೆಂಪು. ಹೆಣ್ಣಿನ ಬಿಳಿ ಎದೆಯ ಮೇಲೆ ಕಪ್ಪು ಗೀರುಗಳು. ಎರಡರ ಕಾಲೂ ಕಿತ್ತಳೆಗೆಂಪು. ಬಯಲು, ವಿರಳ ಕಾಡುಗಳೇ ಇದರ ನೆಲೆ. ಸ್ವಂತ ಗೂಡು ಕಟ್ಟುವ ಗೋಜಿಲ್ಲ. ಕಾಗೆಯ ಜಾತಿಯ ಹಕ್ಕಿಗಳು ಬಿಟ್ಟುಹೋದ ಗೂಡೇ ಸಾಕು. ಮುಖ್ಯ ಆಹಾರ ಕೀಟಗಳು.

ಅಕ್ಟೋಬರ್-ನವೆಂಬರ್‌ನಲ್ಲಿ ನಾಗಾಲ್ಯಾಂಡ್‌ನ ದೋಯಾಂಗ್ ಜಲಾಶಯದ ಬಳಿ ಇವು ಲಕ್ಷಗಟ್ಟಲೆ ಇಳಿಯುತ್ತವೆ. ಆಗ ಏಳುವ ರೆಕ್ಕೆಗೆದ್ದಲು ತಿಂದು, ಮುಂದಿನ ದೀರ್ಘ ಹಾರಾಟಕ್ಕೆ ಕೊಬ್ಬು ಕೂಡಿಸಿಕೊಳ್ಳುತ್ತವೆ. 2012ರಲ್ಲಿ ಇಲ್ಲಿ ಮೀನಿನ ಬಲೆಗೆ ಸಿಕ್ಕಿ ಸತ್ತವು ಒಂದು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. ಹಕ್ಕಿ ಹಿಡಿದವರಿಗೂ ಹೊಟ್ಟೆಪಾಡಿತ್ತು. ಅಣೆಕಟ್ಟಿನ ಹಿನ್ನೀರು ಅವರ ಹೊಲಗಳನ್ನು ನುಂಗಿತ್ತು.

ಆದರೂ ಪಾಂಗ್ತಿ ಮತ್ತಿತರ ಊರುಗಳ ಗ್ರಾಮಸಭೆಗಳು ಬೇಟೆ ನಿಷೇಧಿಸಿದವು. ಚರ್ಚುಗಳೂ ಕೈಜೋಡಿಸಿದವು. ಒಂದೇ ವರ್ಷದಲ್ಲಿ ಬಲೆಗಳು ಕೆಳಗಿಳಿದವು. 2013ರಲ್ಲಿ ಉಪಗ್ರಹ ಸಂಕೇತ ಸಾಧನ ತೊಡಿಸಿದ ಮೂರು ಹಕ್ಕಿಗಳಲ್ಲಿ ಒಂದಕ್ಕೆ ಇಟ್ಟ ಹೆಸರು ‘ಪಾಂಗ್ತಿ’. ಬಲೆ ಹಾಸಿದ್ದ ಊರಿನ ಹೆಸರು ಹೀಗೆ ಹಕ್ಕಿಯೊಡನೆ ಕಡಲು ದಾಟಿತು.