ಅಂತರಜಾಲದಲ್ಲೊಂದು ಅರಳಿಕಟ್ಟೆ

ಮಾಗಡಿ ತಾಲ್ಲೂಕಿನ ಕುದೂರಿನಲ್ಲಿ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. ಹತ್ತಿರದ ಭೈರವನದುರ್ಗ ಹತ್ತಿ ಬಂದ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಕೇಳುತ್ತಾಳೆ: "ಸಾರ್, ದೊಡ್ಡ ಬಂಡೆಗಳು ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಏಳೋದು ಯಾಕೆ?" ಶಾಲೆಯಲ್ಲಿ ವಿಜ್ಞಾನಕ್ಕೆ ಇರುವವರು ನೀವೊಬ್ಬರೇ. ನೀವು ಓದಿದ್ದು ಭೌತವಿಜ್ಞಾನ, ಭೂವಿಜ್ಞಾನವಲ್ಲ. ಯಾರನ್ನು ಕೇಳುವಿರಿ?

ಉತ್ತರ ಬಲ್ಲ ಶಿಕ್ಷಕರು ರಾಜ್ಯದಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತಾರೆ. ನಿಮ್ಮ ಪ್ರಶ್ನೆ ಅವರನ್ನು ಮುಟ್ಟಬೇಕು. ಅವರ ಉತ್ತರ ನಿಮ್ಮನ್ನು ಮುಟ್ಟಬೇಕು. ನಾಳೆ ಅದೇ ಪ್ರಶ್ನೆ ಎದುರಿಸುವ ಇನ್ನೊಬ್ಬರಿಗೂ ಅದು ಸಿಗುವಂತಿರಬೇಕು. ಈ ಮೂರೂ ಕೆಲಸ ನಡೆಯುವ ಜಾಗವೇ ಆನ್‌ಲೈನ್ ಸಮುದಾಯ. ಇಲಾಖೆಗಳು, ಸಂಘ-ಸಂಸ್ಥೆಗಳು ಇಂತಹ ಸಮುದಾಯಗಳನ್ನು ಉತ್ಸಾಹದಿಂದ ಆರಂಭಿಸುತ್ತವೆ. ಆದರೆ ಹಲವು ಸಮುದಾಯಗಳು ಕೆಲವೇ ತಿಂಗಳಲ್ಲಿ ಮೌನವಾಗುತ್ತವೆ, ಇಲ್ಲವೇ 'ಶುಭೋದಯ'ದ ಚಿತ್ರಗಳಿಂದ ತುಂಬಿಹೋಗುತ್ತವೆ. ಹೀಗೇಕಾಗುತ್ತದೆ?

ನಂಟಿನ ಲೆಕ್ಕ

ಒಂದು ಗುಂಪಿನಲ್ಲಿ n ಜನರಿದ್ದರೆ, ಇಬ್ಬಿಬ್ಬರ ನಡುವಿನ ನಂಟುಗಳ ಸಂಖ್ಯೆ n(n–1)/2 ಎಂಬುದನ್ನು ನೀವು ಗಣಿತದಲ್ಲಿ ಓದಿರುತ್ತೀರಿ. 10 ಜನರಿದ್ದರೆ 45 ನಂಟು. 50 ಜನರಿದ್ದರೆ 1,225. 500 ಜನರಿದ್ದರೆ 1,24,750. ಜನ ಹೆಚ್ಚಿದಂತೆ ನಂಟುಗಳು ಅದಕ್ಕಿಂತ ಬಹಳ ವೇಗವಾಗಿ ಹೆಚ್ಚುತ್ತವೆ. ಆದ್ದರಿಂದ ಸದಸ್ಯರನ್ನು ಸೇರಿಸಿದರೆ ಸಾಕು, ಸಮುದಾಯ ತಾನಾಗಿ ಬೆಳೆಯುತ್ತದೆ ಎಂದು ಅನೇಕರು ನಂಬುತ್ತಾರೆ.

ಆದರೆ ಈ ಲೆಕ್ಕ ಹೇಳುವುದು ಸಾಧ್ಯತೆಯನ್ನು ಮಾತ್ರ. ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಒಂದು ಸ್ಥೂಲ ನಿಯಮವನ್ನು ಮುಂದಿಟ್ಟರು. ಅದರಂತೆ ನೂರು ಸದಸ್ಯರಲ್ಲಿ ಸುಮಾರು 90 ಮಂದಿ ಓದುತ್ತಾರಷ್ಟೇ. 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ. ಒಬ್ಬರು ಮಾತ್ರ ನಿರಂತರವಾಗಿ ಬರೆಯುತ್ತಾರೆ. ಇದು ನ್ಯೂಟನ್ನನ ನಿಯಮದಂತೆ ಎಲ್ಲೆಡೆ ಕರಾರುವಾಕ್ಕಾಗಿ ಅನ್ವಯಿಸುವುದಲ್ಲ. ಆದರೂ ಒಂದು ಎಚ್ಚರಿಕೆ ಇದರಲ್ಲಿದೆ. 60 ಜನರ ಗುಂಪಿನಲ್ಲಿ ನಿರಂತರವಾಗಿ ಬರೆಯುವವರು ಒಬ್ಬರೂ ಇಲ್ಲದೇ ಹೋಗಬಹುದು! ಅಂತಹ ಗುಂಪಿನಲ್ಲಿ ಯಾರಾದರೊಬ್ಬರು ಆ ಹೊಣೆಯನ್ನು ಹೊರಲೇಬೇಕು. ಹಾಗೆಂದು ಬರೆಯದವರನ್ನು ಕಡೆಗಣಿಸುವಂತಿಲ್ಲ. ಓದಿದ್ದನ್ನು ತರಗತಿಗೆ ಕೊಂಡೊಯ್ಯುವವರು ಬಹುಪಾಲು ಅವರೇ.

ಕರ್ನಾಟಕದ ಎರಡು ಅನುಭವಗಳು

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ 2011ರಲ್ಲಿ 'ವಿಷಯ ಶಿಕ್ಷಕರ ವೇದಿಕೆ' ಆರಂಭವಾಯಿತು. ಆಗಿನ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದ ಅಡಿಯಲ್ಲಿ ಡಿಎಸ್‌ಇಆರ್‌ಟಿ ಹಾಗೂ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಸೇರಿ ಇದನ್ನು ಕಟ್ಟಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರು ಕಾರ್ಯಾಗಾರಗಳಲ್ಲಿ ಮುಖಾಮುಖಿ ಭೇಟಿಯಾದರು, ಗಣಕ ಬಳಸಲು ಕಲಿತರು, ಇಮೇಲ್ ಮೂಲಕ ಸಂಪರ್ಕ ಬೆಳೆಸಿಕೊಂಡರು. ಮುಂದೆ ಶಿಕ್ಷಕರೇ ಸಿದ್ಧಪಡಿಸಿದ ಪಾಠ ಸಾಮಗ್ರಿಯನ್ನು ಸಂಗ್ರಹಿಸಿಡಲು 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ತಾಣ ರೂಪುಗೊಂಡಿತು. ಇಲ್ಲಿ ಗಮನಿಸಬೇಕಾದದ್ದು ಎರಡು ಅಂಶ. ಒಂದು, ಮುಖಪರಿಚಯ ಇರುವಲ್ಲಿ "ನನಗೆ ಇದು ಗೊತ್ತಿಲ್ಲ" ಎಂದು ಹೇಳಿಕೊಳ್ಳುವ ಸಂಕೋಚ ಕಡಿಮೆ. ಎರಡು, ಹರಿದುಹೋಗುವ ಮಾತಿಗೆ ಒಂದು ಜಾಗ, ಉಳಿಯಬೇಕಾದ ತಿಳಿವಳಿಕೆಗೆ ಇನ್ನೊಂದು ಜಾಗ.

ಎರಡನೆಯದು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ. ಇದರ ಸರ್ವರ್‌ಗಳನ್ನು ನೋಡಿಕೊಳ್ಳುವುದು ವಿಕಿಮೀಡಿಯ ಪ್ರತಿಷ್ಠಾನವೆಂಬ ಸಂಸ್ಥೆ. ಲೇಖನ ಬರೆಯುವವರು, ತಿದ್ದುವವರು ಮಾತ್ರ ಸ್ವಯಂಸೇವಕರು. ಪ್ರತಿಯೊಂದು ಲೇಖನಕ್ಕೂ ಒಂದು ಚರ್ಚಾಪುಟವಿದೆ; ಯಾರು ಯಾವಾಗ ಏನು ಬದಲಾಯಿಸಿದರು ಎಂಬ ಇತಿಹಾಸವೂ ಇದೆ. ಇಡೀ ಸಮುದಾಯಕ್ಕೆ ಸಂಬಂಧಿಸಿದ ವಿಷಯಗಳನ್ನು ಚರ್ಚಿಸುವ ಪುಟದ ಹೆಸರು 'ಅರಳಿ ಕಟ್ಟೆ'. ಎಷ್ಟು ಸೂಕ್ತವಾದ ಹೆಸರು, ಅಲ್ಲವೇ? ಊರಿನ ಅರಳಿಕಟ್ಟೆಯಂತೆಯೇ ಇಲ್ಲಿಯೂ ಮಾತು ನಡೆಯುವುದು ಎಲ್ಲರ ಎದುರಿಗೆ.

ನೀರುಗಂಟಿಯ ಕೆಲಸ

ಎಲ್ಲರಿಗೂ ಸೇರಿದ ವಸ್ತುವನ್ನು ಕಾಪಾಡುವುದು ಹೇಗೆ ಎಂಬುದು ಹಳೆಯ ಪ್ರಶ್ನೆ. ನೀರಾವರಿ, ಕಾಡು, ಮೀನುಗಾರಿಕೆಗಳನ್ನು ಜನ ಒಟ್ಟಾಗಿ ನಿರ್ವಹಿಸುವ ಬಗೆಯನ್ನು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಂ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ದೀರ್ಘಕಾಲ ಉಳಿದ ವ್ಯವಸ್ಥೆಗಳಲ್ಲಿ ಅವರು ಕಂಡ ಲಕ್ಷಣಗಳಲ್ಲಿ ಕೆಲವು ಹೀಗಿವೆ: ಯಾರು ಸದಸ್ಯರು ಎಂಬುದು ಸ್ಪಷ್ಟ, ನಿಯಮ ರೂಪಿಸುವಲ್ಲಿ ಬಳಸುವವರ ಪಾಲಿದೆ, ಸಣ್ಣ ತಪ್ಪಿಗೆ ಸಣ್ಣ ದಂಡ, ಜಗಳ ಬಗೆಹರಿಸಲು ಹತ್ತಿರದಲ್ಲೇ, ಕಡಿಮೆ ಖರ್ಚಿನ ದಾರಿ.

ನಮ್ಮ ಕೆರೆಗಳ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುತ್ತಿದ್ದ ನೀರುಗಂಟಿಯನ್ನು ನೆನಪಿಸಿಕೊಳ್ಳಿ. ನೀರು ಅವನದಲ್ಲ, ಕೊನೆಯ ಗದ್ದೆಗೂ ಅದು ಮುಟ್ಟುವಂತೆ ನೋಡಿಕೊಳ್ಳುವುದು ಅವನ ಕೆಲಸ. ಆನ್‌ಲೈನ್ ಸಮುದಾಯದ ನಿರ್ವಾಹಕರೂ ಹೀಗೆಯೇ. ಉತ್ತರವಿಲ್ಲದೆ ಉಳಿದ ಪ್ರಶ್ನೆಯನ್ನು ಬಲ್ಲವರ ಗಮನಕ್ಕೆ ತರುವುದು, ಹೊಸಬರನ್ನು ಸ್ವಾಗತಿಸುವುದು, ವಿಷಯ ಬಿಟ್ಟು ಹೋದ ಮಾತನ್ನು ಮರಳಿ ದಾರಿಗೆ ತರುವುದು, ತಪ್ಪಿದವರನ್ನು ಮೊದಲು ಖಾಸಗಿಯಾಗಿ ಎಚ್ಚರಿಸುವುದು ಅವರ ಹೊಣೆ. ನಿರ್ವಾಹಕರು ಬರೀ ಸುತ್ತೋಲೆ ಕಳುಹಿಸತೊಡಗಿದರೆ ಸಮುದಾಯ ಸೂಚನಾಫಲಕವಾಗುತ್ತದೆ. ಸೂಚನಾಫಲಕಕ್ಕೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ನೀವೇ ಕಟ್ಟುವುದಾದರೆ

ಮೊದಲು ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. 'ಹೋಬಳಿಯ ವಿಜ್ಞಾನ ಶಿಕ್ಷಕರು ತರಗತಿಯ ಪ್ರಶ್ನೆಗಳಿಗೆ ಪರಸ್ಪರ ನೆರವಾಗುವುದು' ಎಂಬಷ್ಟು ಸರಳವಾಗಿರಲಿ. ಹತ್ತು ಹದಿನೈದು ಜನರನ್ನು ಒಮ್ಮೆ ಒಂದೆಡೆ ಸೇರಿಸಿ, ನಾಲ್ಕೈದು ನಿಯಮಗಳನ್ನು ಅವರಿಂದಲೇ ಮಾಡಿಸಿ. ನಿರ್ವಾಹಕರು ಇಬ್ಬರಿರಲಿ, ಒಬ್ಬರಿಗೆ ವರ್ಗವಾದರೆ ಕೆಲಸ ನಿಲ್ಲಬಾರದು. ವಾಟ್ಸಾಪಿನಂತಹ ಸಾಧನದಲ್ಲಿ ಒಳ್ಳೆಯ ಉತ್ತರವೂ ಮರುದಿನ ಮೇಲೆ ಸರಿದು ಮರೆಯಾಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಆಯ್ದ ಪ್ರಶ್ನೋತ್ತರಗಳನ್ನು ಒಂದು ಕಡತದಲ್ಲಿ ಸೇರಿಸಿಡಿ. ಮಕ್ಕಳ ಹೆಸರು, ಭಾವಚಿತ್ರ, ಅಂಕಪಟ್ಟಿಗಳನ್ನು ಹಂಚಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ.

ಸಮುದಾಯದ ಆರೋಗ್ಯವನ್ನು ಸದಸ್ಯರ ಸಂಖ್ಯೆಯಿಂದ ಅಳೆಯಬೇಡಿ. ಈ ತಿಂಗಳು ಕೇಳಿದ ಪ್ರಶ್ನೆಗಳೆಷ್ಟು? ಉತ್ತರ ಸಿಕ್ಕಿದ್ದು ಎಷ್ಟಕ್ಕೆ, ಎಷ್ಟು ಹೊತ್ತಿನಲ್ಲಿ? ಉತ್ತರಿಸಿದವರು ಎಷ್ಟು ಮಂದಿ? ಉತ್ತರಿಸುವವರು ಸದಾ ಒಬ್ಬರೇ ಆಗಿದ್ದರೆ, ಅವರು ದಣಿದ ದಿನ ಸಮುದಾಯವೂ ದಣಿಯುತ್ತದೆ.

ಮತ್ತೆ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಗ್ರಾನೈಟ್‌ನಂತಹ ಶಿಲೆ ರೂಪುಗೊಳ್ಳುವುದು ನೆಲದಾಳದಲ್ಲಿ, ಅಪಾರ ಒತ್ತಡದಡಿಯಲ್ಲಿ. ಮೇಲಿನ ಶಿಲೆ, ಮಣ್ಣು ಸವೆದುಹೋದಾಗ ಒತ್ತಡ ತಗ್ಗಿ ಬಂಡೆ ಹಿಗ್ಗುತ್ತದೆ. ಮೇಲ್ಮೈಗೆ ಸಮಾನಾಂತರವಾಗಿ ಬಿರುಕುಗಳು ಮೂಡುತ್ತವೆ. ಬಿಸಿಲು, ಚಳಿ, ನೀರು ಸೇರಿ ಪದರಗಳನ್ನು ಬಿಡಿಸುತ್ತವೆ. ಎಲ್ಲೋ ಇರುವ ಭೂಗೋಳ ಶಿಕ್ಷಕಿಯೊಬ್ಬರು ಐದು ನಿಮಿಷದಲ್ಲಿ ಬರೆಯಬಹುದಾದ ಉತ್ತರವಿದು. ಅದು ಮರುದಿನದ ತರಗತಿಗೆ ತಲಪಿದರೆ ಆ ಹುಡುಗಿ ಇನ್ನೊಂದು ಪ್ರಶ್ನೆ ಕೇಳುತ್ತಾಳೆ. ತಲಪದಿದ್ದರೆ ಕೇಳುವುದನ್ನೇ ಬಿಡಬಹುದು. ನಿಮ್ಮ ಹೋಬಳಿಯಲ್ಲಿ ಅಂತಹ ಕಟ್ಟೆಯೊಂದು ಇದೆಯೇ? ಇಲ್ಲವಾದರೆ, ಮೊದಲ ಕಲ್ಲು ನೀವೇ ಇಡಬಾರದೇಕೆ?