ಮಾತು ಕೇಳದ ಮೊಣಕಾಲು

ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟ್ ಹರಿದುಕೊಂಡ ಕಬಡ್ಡಿ ಹುಡುಗನಿಗೆ ಈಗ ಆಪರೇಷನ್ ಆದ ಮರುದಿನವೇ ಫಿಸಿಯೋ ಬಂದು ಕಾಲು ನೆಟ್ಟಗೆ ಚಾಚಿಸುತ್ತಾರೆ, ವಾಕರ್ ಹಿಡಿಸಿ ನಡೆಸುತ್ತಾರೆ. ‘ಅಂಕಣಕ್ಕೆ ಯಾವಾಗ ಇಳೀಬಹುದು ಸರ್?’ ಅಂದರೆ ಮಾತ್ರ ‘ಒಂಬತ್ತು ತಿಂಗಳು ತಡಿಯಪ್ಪ’ ಎಂಬ ಉತ್ತರ. ನಡೆಯಲು ಇಷ್ಟು ಅವಸರ, ಆಡಲು ಅಷ್ಟು ನಿಧಾನ. ಈ ಎರಡು ನಿಯಮಗಳು ಒಟ್ಟಿಗೆ ಹುಟ್ಟಿದವಲ್ಲ. ನಡುವೆ ನೂರು ವರ್ಷಕ್ಕೂ ಮಿಕ್ಕ ಹಗ್ಗಜಗ್ಗಾಟವಿದೆ.

ಕತ್ತರಿ ತಾಗಿದ ಮೈ ವಾರಗಟ್ಟಲೆ ಹಾಸಿಗೆ ಬಿಡಬಾರದು ಎಂಬುದು ಹತ್ತೊಂಬತ್ತನೇ ಶತಮಾನದ ವೈದ್ಯರ ನಂಬಿಕೆ. 1899ರಲ್ಲಿ ಷಿಕಾಗೊದ ಸ್ತ್ರೀರೋಗ ತಜ್ಞ ಎಮಿಲ್ ರೀಸ್, ಹೊಟ್ಟೆಯ ಆಪರೇಷನ್ ಆದವರನ್ನು ಒಂದೆರಡು ದಿನಗಳಲ್ಲೇ ಎಬ್ಬಿಸಬಹುದೆಂದು ಬರೆದರು. ಹೆಚ್ಚಿನವರು ಕಿವಿಗೊಡಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಆಸ್ಪತ್ರೆಗಳಿಗೆ ಹಾಸಿಗೆಯೂ ನರ್ಸುಗಳೂ ಸಾಲದಾದಾಗ ರೋಗಿಗಳನ್ನು ಬೇಗ ಎಬ್ಬಿಸದೆ ಗತಿಯಿರಲಿಲ್ಲ. ವಾದಕ್ಕಿಂತ ಅಭಾವವೇ ಹೆಚ್ಚು ಕೆಲಸ ಮಾಡಿತೆಂದು ನನಗನ್ನಿಸುತ್ತದೆ. 1947ರಲ್ಲಿ ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ ಹಿಡಿದು ಮಲಬದ್ಧತೆಯವರೆಗೆ, ಮಲಗಿರುವುದರ ಕೇಡುಗಳನ್ನು ಅಂಗಾಂಗವಾಗಿ ಬಿಡಿಸಿಟ್ಟರು.

ಮೊಣಕಾಲಿನವರೆಗೆ ಈ ಗಾಳಿ ಬರಲು ಇನ್ನೂ ದಶಕಗಳೇ ಬೇಕಾದವು. ಹೊಸ ಲಿಗಮೆಂಟ್ ಕೂರಿಸಿದ ಮೇಲೆ ಕಾಲಿಗೆ ಪ್ಲಾಸ್ಟರೋ ಬ್ರೇಸೋ ಹಾಕಿ, ಪೂರ್ತಿ ಚಾಚಬೇಡ, ಭಾರ ಬಿಡಬೇಡ ಎನ್ನುತ್ತಿದ್ದರು. ಎಂಬತ್ತರ ದಶಕದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಸರ್ಜನ್ ಡೊನಾಲ್ಡ್ ಶೆಲ್ಬರ್ನ್ ಒಂದು ವಿಚಿತ್ರ ಗಮನಿಸಿದರು. ಊರುಗೋಲನ್ನು ಬೇಗ ಮೂಲೆಗಿಟ್ಟು, ಬ್ರೇಸ್ ಕಳಚಿ ಓಡಾಡಿದ ತುಂಟರ ಕಾಲುಗಳೇ ವಿಧೇಯರ ಕಾಲುಗಳಿಗಿಂತ ಚೆನ್ನಾಗಿ ಆಡುತ್ತಿದ್ದವು. ಕೂರಿಸಿದ ಲಿಗಮೆಂಟೂ ಸಡಿಲಾಗಿರಲಿಲ್ಲ. ಗದರಿಸುವ ಬದಲು ಅವರು ತಮ್ಮ ಚೀಟಿಯನ್ನೇ ತಿದ್ದಿಕೊಂಡರು. 1990ರಲ್ಲಿ ಪ್ರಕಟವಾದ ಆ ಹೊಸ ಕ್ರಮದಲ್ಲಿ ಮೊದಲ ದಿನದಿಂದಲೇ ಕಾಲು ಚಾಚಬೇಕು, ಭಾರ ಬಿಡಬೇಕು. ನಾಲ್ಕರಿಂದ ಆರು ತಿಂಗಳಲ್ಲಿ ಆಟಕ್ಕೂ ಮರಳಬಹುದು.

ಈ ಕೊನೆಯದರಲ್ಲೇ ತೊಡಕಿತ್ತು. ಹರಿದ ಲಿಗಮೆಂಟಿನ ಜಾಗಕ್ಕೆ ಕೂರಿಸುವುದು ಹೆಚ್ಚಾಗಿ ರೋಗಿಯದೇ ತೊಡೆಯ ಹಿಂಬದಿಯ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು. ಕೂರಿಸಿದ ದಿನ ಅದು ಗಟ್ಟಿಯಾಗಿಯೇ ಇರುತ್ತದೆ. ರಕ್ತದ ಪೂರೈಕೆ ಕಡಿದುಹೋದದ್ದರಿಂದ ಒಳಗಿನ ಜೀವಕೋಶಗಳು ಸಾಯತೊಡಗುತ್ತವೆ; ಹೊಸ ರಕ್ತನಾಳ ಬೆಳೆದು ಹೊಸ ಕೋಶ ತುಂಬಿಕೊಳ್ಳುವ ಮೊದಲ ಎರಡು ಮೂರು ತಿಂಗಳಲ್ಲಿ ಅದು ತೀರಾ ದುರ್ಬಲ. ಊತ ಇಳಿದು, ನೋವು ಮರೆತು, ಹುಡುಗ ‘ನಂಗೇನೂ ಆಗಿಲ್ಲ’ ಅನ್ನುವುದೂ ಸರಿಯಾಗಿ ಆಗಲೇ.

ಓಸ್ಲೊ ಮತ್ತು ಡೆಲವೇರ್‌ನ ಸಂಶೋಧಕರ ತಂಡಗಳು ಈ ಆಪರೇಷನ್ ಆದ 106 ಆಟಗಾರರನ್ನು ಎರಡು ವರ್ಷ ಹಿಂಬಾಲಿಸಿ 2016ರಲ್ಲಿ ಲೆಕ್ಕ ಒಪ್ಪಿಸಿದವು. ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ತಡಮಾಡಿದ ಪ್ರತಿ ತಿಂಗಳಿಗೂ ಮರುಪೆಟ್ಟಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ತಿಂಗಳೊಂದೇ ಸಾಲದು, ತೊಡೆಯ ಮುಂಭಾಗದ ಬಲವೂ ಒಂಟಿಕಾಲಲ್ಲಿ ಕುಪ್ಪಳಿಸಿದ ದೂರವೂ ಒಳ್ಳೆಯ ಕಾಲಿನ ಶೇ 90ನ್ನು ಮುಟ್ಟಬೇಕು. ಇಂಥ ಪರೀಕ್ಷೆಗಳಲ್ಲಿ ಗೆದ್ದು ಮರಳಿದವರಲ್ಲಿ ಶೇ 5.6 ಮಂದಿಗೆ ಮತ್ತೆ ಪೆಟ್ಟಾಯಿತು, ಸೋತೂ ಆಡಿದವರಲ್ಲಿ ಶೇ 38.2.

ನಮ್ಮಲ್ಲಿ ಟೂರ್ನಿ ಹತ್ತಿರ ಬಂದರೆ ಮೊದಲು ಬಿಟ್ಟುಹೋಗುವುದು ಈ ಪರೀಕ್ಷೆಯೇ. ಬಲ ಅಳೆಯುವ ಯಂತ್ರ ಎಲ್ಲ ಊರಲ್ಲೂ ಇರದು, ನಿಜ. ಕುಪ್ಪಳಿಸಿದ್ದನ್ನು ಅಳೆಯಲು ಫಿಸಿಯೋ ಬಳಿ ಒಂದು ಟೇಪು ಇದ್ದರಾಯಿತು.