ಕಸ ಆಯುವವರ ಹಕ್ಕು, ನಗರದ ಸುಸ್ಥಿರತೆ

ಜನರ ಪರಸ್ಪರ ವ್ಯವಹಾರಕ್ಕೆ ಕಟ್ಟುಪಾಡು ಹಾಕುವ ಕಾನೂನು, ಒಪ್ಪಂದ, ರೂಢಿಗಳ ಒಟ್ಟು ಚೌಕಟ್ಟನ್ನು ಅರ್ಥಶಾಸ್ತ್ರಜ್ಞರು ಸಂಸ್ಥೆ ಎಂದು ಕರೆಯುತ್ತಾರೆ. ಇಂದಿನ ಬಳಕೆಯು ಮುಂದಿನ ತಲೆಮಾರಿನ ಪಾಲನ್ನು ಕಸಿಯಬಾರದೆಂಬ ಸುಸ್ಥಿರತೆಯ ಗುರಿಗೆ ಯಂತ್ರಗಳಷ್ಟೇ ಈ ಚೌಕಟ್ಟಿನ ಬದಲಾವಣೆಯೂ ಅಗತ್ಯವೆಂಬುದಕ್ಕೆ ಪುಣೆಯ ಕಸ ನಿರ್ವಹಣೆ ಸ್ಪಷ್ಟ ನಿದರ್ಶನವಾಗಿದೆ.

ಬೀದಿಯ ತೊಟ್ಟಿಗಳಿಂದ ಕಾಗದ, ಗಾಜು, ತಗಡುಗಳನ್ನು ಆಯ್ದು ಗುಜರಿ ಅಂಗಡಿಗೆ ಮಾರುತ್ತಿದ್ದವರಲ್ಲಿ ಬಹುಪಾಲು ದಲಿತ ಮಹಿಳೆಯರಾಗಿದ್ದು, ಅವರ ದುಡಿಮೆಯಿಂದ ಮರುಬಳಕೆ ಮೊದಲಿನಿಂದಲೂ ನಡೆಯುತ್ತಿತ್ತಾದರೂ ಅದಕ್ಕೆ ಮನ್ನಣೆಯಾಗಲಿ ಭದ್ರತೆಯಾಗಲಿ ಇರಲಿಲ್ಲ. 1993ರಲ್ಲಿ ಇವರು ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಕಾರ್ಮಿಕ ಸಂಘವನ್ನು ಕಟ್ಟಿಕೊಂಡರು. 1996ರಲ್ಲಿ ಪುಣೆ ಮಹಾನಗರಪಾಲಿಕೆ ಇವರ ಗುರುತಿನ ಚೀಟಿಗಳಿಗೆ ಮಾನ್ಯತೆ ನೀಡಿತು.

ಮನೆಮನೆಯಿಂದ ಕಸ ಸಂಗ್ರಹಿಸಬೇಕೆಂದು 2000ದ ಕೇಂದ್ರ ನಿಯಮಗಳು ವಿಧಿಸಿದಾಗ ಈ ಕೆಲಸವೆಲ್ಲ ಗುತ್ತಿಗೆದಾರರ ಪಾಲಾಗಿ ಆಯುವವರ ಜೀವನೋಪಾಯ ತಪ್ಪುವ ಅಪಾಯ ಎದುರಾಯಿತು. ಇದಕ್ಕೆ ಉತ್ತರವಾಗಿ ಕಾರ್ಮಿಕರೇ ಒಡೆಯರಾಗಿರುವ ‘ಸ್ವಚ್ಛ್’ ಸಹಕಾರಿ ಸಂಘ ರೂಪುಗೊಂಡು, 2008ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡಿತು. ಅದರಂತೆ ಪ್ರತಿ ಮನೆಯವರು ಕಾರ್ಮಿಕರಿಗೆ ನೇರವಾಗಿ ಮಾಸಿಕ ಶುಲ್ಕ ಕೊಡುತ್ತಾರೆ. ಒಣ ಕಸದಲ್ಲಿ ಮಾರಲು ಬರುವ ವಸ್ತುಗಳ ಹಣವೂ ಕಾರ್ಮಿಕರದೇ.

ಈ ಏರ್ಪಾಡಿನ ತಿರುಳು ಲಾಭದ ದಿಕ್ಕನ್ನು ಬದಲಿಸಿದುದರಲ್ಲಿದೆ. ಸಾಗಿಸಿದ ಕಸದ ತೂಕಕ್ಕೆ ತಕ್ಕಂತೆ ಹಣ ಪಡೆಯುವ ಗುತ್ತಿಗೆದಾರನಿಗೆ ರಾಶಿ ಬೆಳೆದಷ್ಟೂ ಲಾಭ. ಆಯ್ದು ಮಾರುವ ಕಾರ್ಮಿಕಳಿಗಾದರೋ ಹಸಿ ಕಸ, ಒಣ ಕಸ ಬೇರೆಯಾದಷ್ಟೂ, ವಸ್ತು ಮರುಬಳಕೆಗೆ ಹೋದಷ್ಟೂ ಆದಾಯ. ಪರಿಣಾಮವಾಗಿ ಪುಣೆಯ ಕಸ ಬಂದು ಬೀಳುತ್ತಿದ್ದ ಉರುಳಿ ದೇವಾಚಿಯಂಥ ಹಳ್ಳಿಗಳ ಜನ ದಶಕಗಳಿಂದ ವಿರೋಧಿಸುತ್ತ ಬಂದಿರುವ ಕಸದ ರಾಶಿಯ ಹೊರೆಯೂ, ಪಾಲಿಕೆಯ ಸಾಗಣೆ ವೆಚ್ಚವೂ ತಗ್ಗುತ್ತವೆ.

ಬೆಂಗಳೂರಿನಲ್ಲಿಯೂ 2011ರಿಂದ ಪಾಲಿಕೆ ಇಂತಹ ಕಾರ್ಮಿಕರಿಗೆ ಗುರುತಿನ ಚೀಟಿ ನೀಡತೊಡಗಿತು. ಕಸ ಆಯುವವರ ಪರ ಕೆಲಸ ಮಾಡುವ ‘ಹಸಿರು ದಳ’ ಸಂಘಟನೆಯ ಒತ್ತಾಸೆಯಿಂದ ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಕೆಲವನ್ನು ಅವರೇ ನಡೆಸುವಂತಾಯಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವುದನ್ನು ಸ್ಥಳೀಯ ಆಡಳಿತಗಳ ಹೊಣೆಯಾಗಿಸಿದವು.

ಆದರೂ ಪುಣೆಯಲ್ಲಿ ಒಪ್ಪಂದದ ಅವಧಿ ಮುಗಿದಾಗ ನವೀಕರಣದ ಅನಿಶ್ಚಿತತೆ ಕಾರ್ಮಿಕರನ್ನು ಕಾಡಿದೆ. ಹಕ್ಕು ಒಪ್ಪಂದದ ಗಡುವಿಗೆ ಕಟ್ಟುಬಿದ್ದಿರುವವರೆಗೆ ಅದರ ಮೇಲೆ ನಿಂತ ಮರುಬಳಕೆಯೂ ಭದ್ರವಾಗದು. ಆದ್ದರಿಂದ ಸಂಗ್ರಹದ ಹಕ್ಕು, ಕಸ ವಿಂಗಡಿಸುವ ಜಾಗ ಮತ್ತು ಶುಲ್ಕದ ಖಾತರಿಗಳನ್ನು ಪಾಲಿಕೆಯ ಉಪವಿಧಿಗಳಲ್ಲೇ ಅಡಕಗೊಳಿಸುವುದು ಸುಧಾರಣೆಯ ಮುಂದಿನ ಹೆಜ್ಜೆಯಾಗಬೇಕು.